ಲೈನ್ ಮನೆಯಲ್ಲಿ ಯಾವುದರ ಭಾರ ಹೆಚ್ಚು?

ಪ್ರಶ್ನೆ: ನಾವು ದಕ್ಷಿಣ ಕೊಡಗಿನ ಮೂವತ್ತೆರಡು ಕಾಫಿ ಬೆಳೆಗಾರರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಪ್ರಮಾಣಪತ್ರ ಪಡೆಯಲು, ನಮ್ಮ ತೋಟಗಳಿಂದ ಕಾರ್ಮಿಕ ಕುಟುಂಬಗಳ ಮೇಲಾಗುವ ಸಾಮಾಜಿಕ ಪರಿಣಾಮಗಳನ್ನು ಅಳೆದು ತೋರಿಸಬೇಕಾಗಿದೆ. ಸಲಹೆಗಾರರೊಬ್ಬರು 64 ಅಂಶಗಳ ಪಟ್ಟಿ ಕೊಟ್ಟರು. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಿ ಎಂದು ಲೈನ್ ಮನೆಗಳಲ್ಲಿ, ಅಂದರೆ ತೋಟದೊಳಗಿನ ಕಾರ್ಮಿಕರ ಸಾಲುಮನೆಗಳಲ್ಲಿ, ಕೇಳಿದೆವು. ಹೆಚ್ಚುಕಡಿಮೆ ಎಲ್ಲದಕ್ಕೂ ಐದು ಬಂದಿದೆ. ಬಾಯಿಬಿಟ್ಟು ಕೇಳಿದರೆ ನೀರು, ಕಕ್ಕಸು, ಕೂಲಿ ಜಾಸ್ತಿ, ಈ ಮೂರೇ ಉತ್ತರ. ಇರುವ ಹಣದಲ್ಲಿ ಮೂರು ನಾಲ್ಕು ಕೆಲಸ ಮಾತ್ರ ಸಾಧ್ಯ. ಅವರಿಗೆ ನಿಜವಾಗಿ ಯಾವುದು ಮುಖ್ಯ ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿವರವನ್ನು ಮೊದಲು ಕೇಳುತ್ತೇನೆ. ಆ 64 ಪ್ರಶ್ನೆಗಳನ್ನು ಹಿಡಿದು ಲೈನಿಗೆ ಹೋದವರು ಯಾರು? ತೋಟದ ಲೆಕ್ಕ ಬರೆಯುವ ರೈಟರ್ ಜೊತೆಯಲ್ಲಿದ್ದರೆ, ಅಥವಾ ನೀವೇ ಜೀಪಿನಿಂದ ಇಳಿದು ಕೇಳಿದ್ದರೆ, ಎಲ್ಲದಕ್ಕೂ ಐದು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಐದು ಎಂದರೆ ‘ಬಹಳ ಮುಖ್ಯ’ ಎಂದು ನಿಮ್ಮ ಹಾಳೆಯಲ್ಲಿದೆ. ಲೈನಿನಲ್ಲಿ ಅದರ ಅರ್ಥ ‘ಸಾಹುಕಾರರು ಹೇಳಿದ ಹಾಗೆ’.

ನೀರು, ಕಕ್ಕಸು, ಕೂಲಿ ಎಂಬ ಉತ್ತರಗಳು ಸುಳ್ಳಲ್ಲ. ಹೇಳಿದರೆ ಯಾರಿಗೂ ಸಿಟ್ಟು ಬರದ ಉತ್ತರಗಳು ಅವು. ಕೊಡುವವರಿಗೆ ಕಷ್ಟವಾಗದ್ದನ್ನು ಮಾತ್ರ ಕೇಳುವುದು ಬಡವರು ಉಳಿಸಿಕೊಂಡು ಬಂದಿರುವ ಮರ್ಯಾದೆ. ನಾವು ಅದನ್ನೇ ಅವರ ಆದ್ಯತೆ ಎಂದು ವರದಿಯಲ್ಲಿ ಬರೆದುಬಿಡುತ್ತೇವೆ.

ಇಪ್ಪತ್ತು ವರ್ಷಗಳ ಹಿಂದೆ ನಾನೂ ಇಂಥದ್ದೇ ಹಾಳೆ ಹಿಡಿದು ವಿರಾಜಪೇಟೆ ತಾಲ್ಲೂಕಿನ ಒಂದು ತೋಟದ ಲೈನಿನಲ್ಲಿ ಕುಳಿತಿದ್ದೆ. ಇಲ್ಲಿನ ಆದಿವಾಸಿಗಳಾದ ಯರವರ ಮನೆ. ಜಗಲಿಯಲ್ಲಿ ಕೂರಿಸಿ ಕರಿಕಾಫಿ ಕೊಟ್ಟರು. ಒಳಗೆ ಸೂರಿನ ಗಳುವಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲವೊಂದನ್ನು ಕಟ್ಟಿ ನೇತುಹಾಕಿದ್ದು ಕಾಣುತ್ತಿತ್ತು. ಮಗುವಿನ ಲಸಿಕೆ ಕಾರ್ಡು ನೋಡಬೇಕು ಎಂದಾಗ ಆ ಹೆಂಗಸು ಚೀಲ ಇಳಿಸಿದಳು. ಮತದಾರರ ಗುರುತಿನ ಚೀಟಿ, ಮೂಲೆ ಹರಿದ ಪಡಿತರ ಚೀಟಿ, ರೈಟರ್ ಬರೆದುಕೊಟ್ಟ ಮುಂಗಡದ ಚೀಟಿ, ಲಸಿಕೆ ಕಾರ್ಡು ಎಲ್ಲವೂ ಅದರೊಳಗಿದ್ದವು. ಮೂಲೆಯಲ್ಲಿ ತಗಡಿನ ಟ್ರಂಕು ಇದ್ದರೂ ಕಾಗದಗಳು ಮಾತ್ರ ಚೀಲದಲ್ಲಿ. ಇಲಿಯ ಕಾಟವೇ ಎಂದು ಕೇಳಿದೆ. “ಇಲಿಗೆ ಹೆದರಿ ಅಲ್ಲ. ಹೊರಡು ಎಂದರೆ ಹುಡುಕುತ್ತಾ ಕೂರಲು ಆಗುತ್ತದೆಯೇ?” ಎಂದಳು. ನನ್ನ ಹಾಳೆಯಲ್ಲಿ ‘ವಸತಿ’ ಎಂಬ ಸಾಲಿನ ಮುಂದೆ ಹೆಂಚಿನ ಮಾಡು, ಸಿಮೆಂಟ್ ನೆಲ, ಎರಡು ಕೋಣೆ, ತೃಪ್ತಿಕರ ಎಂದು ಆಗಲೇ ಬರೆದು ಮುಗಿಸಿದ್ದೆ.

ಆ ಚೀಲ ಕಲಿಸಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ. ಯಾವುದು ಮುಖ್ಯ ಎಂದು ಕೇಳಿದಾಗ ಬರುವ ಉತ್ತರಕ್ಕಿಂತ, ಯಾವುದಕ್ಕಾಗಿ ಅವರು ಬೇರೆ ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ನೋಡಿ. ತೂಕ ಅಲ್ಲಿ ಗೊತ್ತಾಗುತ್ತದೆ.

ಇದಕ್ಕೆ ನಿಮ್ಮ ನೆರೆಯಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಹತ್ತಿರದ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಭೂಮಿ ಎಂಬ ಕಾರಣಕ್ಕೆ ಕೆಡವಿದರು. ಯರವರು, ಜೇನುಕುರುಬರು, ಪಣಿಯರು ಅಲ್ಲಿದ್ದರು. ಅವರಲ್ಲಿ ಬಹಳಷ್ಟು ಜನ ಕಾಫಿ ತೋಟಗಳ ಲೈನ್ ಮನೆಗಳನ್ನು ಬಿಟ್ಟು ಬಂದವರು. ಹೆಂಚಿನ ಮಾಡು ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ, ಕೊಳವೆ ನೀರು ಬಿಟ್ಟು ಹಳ್ಳದ ಬದಿಗೆ, ಆನೆ ಓಡಾಡುವ ಜಾಗಕ್ಕೆ ಬಂದು ಕುಳಿತಿದ್ದರು. ಮುಂದೆ ಅವರಿಗೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಡಲಾಯಿತು. ಆ ಗಲಾಟೆಯ ರಾಜಕೀಯದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಅಳೆಯುವವನ ಕಣ್ಣಿನಿಂದ ಒಮ್ಮೆ ನೋಡಿ. ಅಂಕ ಕೇಳಿದ್ದರೆ ಇವರೂ ನೀರಿಗೆ ಐದು, ಮಾಡಿಗೆ ಐದು ಕೊಡುತ್ತಿದ್ದರು. ಕಾಲಿನಿಂದ ಕೊಟ್ಟ ಅಂಕ ಬೇರೆಯೇ ಇತ್ತು: ಯಾರೂ ಹೊರಡು ಎನ್ನಲಾಗದ ನಾಲ್ಕು ಗೋಡೆ.

ಆದ್ದರಿಂದ ಪಟ್ಟಿಯನ್ನು ಪಕ್ಕಕ್ಕಿಟ್ಟು ನಾಲ್ಕು ಪ್ರಶ್ನೆಗಳಿಂದ ಶುರುಮಾಡಿ. ಕಳೆದ ವರ್ಷ ಮುಂಗಡ ತೆಗೆದದ್ದು ಯಾವುದಕ್ಕೆ? ಕೆಲಸವಿದ್ದರೂ ಕೂಲಿ ಬಿಟ್ಟು ಮನೆಯಲ್ಲಿ ಉಳಿದದ್ದು ಯಾವ ದಿನ, ಯಾಕೆ? ಅಡವಿಟ್ಟದ್ದು ಏನು, ಬಿಡಿಸಿಕೊಂಡಿರಾ? ಈ ಲೈನಿನಿಂದ ಎರಡು ವರ್ಷಗಳಲ್ಲಿ ಎದ್ದು ಹೋದವರು ಯಾರು, ಎಲ್ಲಿಗೆ ಹೋದರು? ನಾಲ್ಕಕ್ಕೂ ಉತ್ತರ ನಡೆದ ಸಂಗತಿ. ಇದರಲ್ಲಿ ಅಭಿಪ್ರಾಯ ಕೇಳುವುದಿಲ್ಲ, ಹಾಗಾಗಿ ಮುಖ ನೋಡಿ ಮಾತಾಡುವ ಪ್ರಮೇಯವೂ ಇಲ್ಲ. ನಾಲ್ಕನೆಯದಕ್ಕೆ ಉತ್ತರ ಸಿಕ್ಕಿದ ಮೇಲೆ ಬಿಟ್ಟು ಹೋದವರನ್ನೇ ಹುಡುಕಿ ಮಾತಾಡಿಸಿ. ಬಿಟ್ಟುಹೋದವರಿಗೆ ನಿಮ್ಮ ಹಂಗಿಲ್ಲ. ನನ್ನ ಅನುಭವದಲ್ಲಿ ಅಂಥ ಐದು ಮನೆಯವರು ಕೊಟ್ಟಷ್ಟು ಮಾಹಿತಿ ಲೈನಿನೊಳಗಿನ ಐವತ್ತು ಮನೆಗಳಲ್ಲಿ ಸಿಕ್ಕಿಲ್ಲ.

ಈ ಮಾತುಕತೆಯಿಂದ ಹತ್ತು ಹನ್ನೆರಡು ವಿಷಯಗಳು ಮೇಲೆದ್ದು ಬರುತ್ತವೆ. ಆಮೇಲಷ್ಟೇ ತೂಗುವ ಕೆಲಸ. ಒಂದರಿಂದ ಐದರ ಅಂಕ ಬೇಡ. ತಕ್ಕಡಿಗೆ ಎರಡು ತಟ್ಟೆ ಇರಬೇಕು, ಒಂದು ಏರಿದರೆ ಇನ್ನೊಂದು ಇಳಿಯಬೇಕು. ನಾನು ಬಳಸುವುದು ಚಿತ್ರದ ಕಾರ್ಡುಗಳು. ಹನ್ನೆರಡು ವಿಷಯಕ್ಕೆ ಹನ್ನೆರಡು ಕಾರ್ಡು: ನೀರು, ಕಕ್ಕಸು, ಕೂಲಿಯ ದರ, ಮುಂಗಡದ ಲೆಕ್ಕ, ಮನೆ ಬಿಡಿಸುವ ಭಯ, ಮಕ್ಕಳ ಶಾಲೆ, ಆಸ್ಪತ್ರೆಗೆ ಹೋಗಲು ಗಾಡಿ, ಆನೆ, ಏಣಿ ಮತ್ತು ಔಷಧಿ ಹೊಡೆಯುವಾಗಿನ ಅಪಾಯ, ಕುಡಿತ, ಕಾಗದಪತ್ರ, ಮುದುಕರಾದ ಮೇಲಿನ ಗತಿ. ಒಮ್ಮೆಗೆ ನಾಲ್ಕು ಕಾರ್ಡು ಮುಂದಿಟ್ಟು ಎರಡೇ ಪ್ರಶ್ನೆ: ಇವುಗಳಲ್ಲಿ ನಿಮ್ಮ ಮನೆಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಯಾವುದು, ಎಲ್ಲಕ್ಕಿಂತ ಕಡಿಮೆ ಯಾವುದು? ಇಂಥ ಒಂಬತ್ತು ಸುತ್ತು ಮಾಡಿದರೆ ಪ್ರತಿ ಕಾರ್ಡೂ ಮೂರು ಸಲ ಬರುತ್ತದೆ. ಯಾವ ಎರಡು ಕಾರ್ಡುಗಳೂ ಎರಡನೆಯ ಸಲ ಒಟ್ಟಿಗೆ ಬೀಳದಂತೆ ಜೋಡಿಸಲು ಸಾಧ್ಯವಿದೆ, ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ‘ಹೆಚ್ಚು’ ಎಂದು ಬಂದ ಸಲಗಳಿಂದ ‘ಕಡಿಮೆ’ ಎಂದು ಬಂದ ಸಲಗಳನ್ನು ಕಳೆದರೆ ಅದೇ ಅಂಕ. ಒಬ್ಬರಿಂದ ಒಂದು ಕಾರ್ಡಿಗೆ ಮೂರಕ್ಕಿಂತ ಹೆಚ್ಚು ಬರಲಾರದು, ಮೈನಸ್ ಮೂರಕ್ಕಿಂತ ಕೆಳಗಿಳಿಯಲಾರದು. ಎಲ್ಲದಕ್ಕೂ ಐದು ಹಾಕುವ ದಾರಿ ಇಲ್ಲಿ ಮುಚ್ಚಿದೆ. ಓದು ಬರಹ ಬೇಕಿಲ್ಲ, ಕಾಲು ಗಂಟೆಯಲ್ಲಿ ಮುಗಿಯುತ್ತದೆ.

ಚಿತ್ರ ಬರೆಸುವಾಗ ಎಚ್ಚರ. ಮನೆ ಬಿಡಿಸುವ ಭಯಕ್ಕೆ ನಾನು ಮೊದಲು ಬರೆಸಿದ್ದು ಬರೀ ಮನೆಯ ಚಿತ್ರ. ಸರ್ಕಾರದಿಂದ ಹೊಸ ಮನೆ ಬರುತ್ತದೆಯಂತೆ ಎಂದು ಲೈನಿನಲ್ಲಿ ಸುದ್ದಿ ಹಬ್ಬಿ ಆ ಕಾರ್ಡಿಗೆ ಅಂಕದ ಮಳೆ ಸುರಿಯಿತು. ಎರಡನೆಯ ಸಲ ಬಾಗಿಲಿಗೆ ಬೀಗ, ಅಂಗಳದಲ್ಲಿ ಪಾತ್ರೆ, ಚಾಪೆ, ಕೋಳಿ ಪಂಜರ ಬರೆಸಿದೆ. ಯಾರೂ ಏನೂ ಕೇಳಲಿಲ್ಲ. ಅರ್ಥವಾಗಿತ್ತು.

ಇನ್ನೊಂದು ತಪ್ಪು ಎಲ್ಲರೂ ಮಾಡುವಂಥದ್ದು. ‘ಕುಟುಂಬ’ ಎಂದು ಬರೆದು ಬಾಗಿಲಲ್ಲಿ ಸಿಕ್ಕ ಗಂಡಸನ್ನು ಕೇಳುವುದು. ಒಂದು ಲೈನ್ ಮನೆಯೊಳಗೆ ಕನಿಷ್ಠ ನಾಲ್ಕು ತಕ್ಕಡಿಗಳಿವೆ. ಗಂಡನ ಪಟ್ಟಿಯಲ್ಲಿ ಕುಡಿತ ಕೊನೆಗೆ, ಹೆಂಡತಿಯ ಪಟ್ಟಿಯಲ್ಲಿ ಮೊದಲ ಮೂರರೊಳಗೆ. ಹೆಂಡತಿಗೂ ಗಂಡನ ಎದುರು ಕೇಳಿದರೆ ಕೊನೆಗೇ. ನೀರು ಹೊರುವವಳಿಗೆ ನೀರಿನ ದೂರ ಗೊತ್ತು, ಹೊರದವನಿಗೆ ಅದು ‘ಪರವಾಗಿಲ್ಲ’. ಮುದುಕಿಗೆ ಒಂದೇ ಚಿಂತೆ, ಮಗ ಈ ತೋಟದಲ್ಲಿ ಉಳಿಯುತ್ತಾನೆಯೇ ಎಂಬುದು. ಮಗ ಬೇರೆ ತೋಟಕ್ಕೆ ಹೋದರೆ ದುಡಿಯಲಾಗದ ತಾಯಿಗೆ ಲೈನಿನಲ್ಲಿ ಜಾಗವಿಲ್ಲ. ಎಂಟನೆಯ ತರಗತಿಯ ಹುಡುಗಿಯನ್ನು ಕೇಳಿ, ಸಂಜೆ ಬಸ್ಸಿಳಿದು ತೋಟದೊಳಗೆ ಎರಡು ಕಿಲೋಮೀಟರ್ ನಡೆಯುವುದರ ಬಗ್ಗೆ ಹೇಳುತ್ತಾಳೆ. ಅದು ನಿಮ್ಮ 64ರಲ್ಲಿ ಇರುವುದಿಲ್ಲ. ಈ ನಾಲ್ವರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಬೇರೆ ಬೇರೆಯಾಗಿಯೇ ಇಡಿ. ಸರಾಸರಿಯಲ್ಲಿ ಮುದುಕಿ ಮತ್ತು ಹುಡುಗಿ ಕಾಣೆಯಾಗುತ್ತಾರೆ.

ಎಲ್ಲಿ ಕೇಳುತ್ತೀರಿ ಎಂಬುದೂ ಉತ್ತರವನ್ನು ಬದಲಿಸುತ್ತದೆ. ಲೈನಿನ ಅಂಗಳಕ್ಕಿಂತ ಅಂಗನವಾಡಿ, ಪಡಿತರ ಅಂಗಡಿಯ ಸಾಲು, ಗೋಣಿಕೊಪ್ಪದ ಭಾನುವಾರದ ಸಂತೆಯ ಬಸ್ ನಿಲ್ದಾಣ ವಾಸಿ. ಕೇಳುವವರು ತೋಟದವರಾಗಿರಬಾರದು, ಹೆಂಗಸರನ್ನು ಹೆಂಗಸರೇ ಕೇಳಬೇಕು, ಯರವ ಭಾಷೆ ಬಲ್ಲ ಒಬ್ಬರಾದರೂ ಬೇಕು. ಕನ್ನಡದಲ್ಲಿ ಕೇಳಿದರೆ ಯರವ ಮುದುಕರು ‘ಹೂಂ’ ಎಂದು ಮುಗಿಸಿಬಿಡುತ್ತಾರೆ. ಅದು ಒಪ್ಪಿಗೆಯಲ್ಲ, ಮಾತು ಮುಗಿಸುವ ರೀತಿ. ಅಸ್ಸಾಂ, ಬಂಗಾಳದ ಕಡೆಯಿಂದ ಕೊಯ್ಲಿಗೆ ಬರುವವರದ್ದು ಬೇರೆಯೇ ಲೆಕ್ಕ. ಅವರ ಮನೆಯವರು ಇಲ್ಲಿಲ್ಲ. ಕರೆತಂದ ಮೇಸ್ತ್ರಿ ಎಷ್ಟು ಹಿಡಿದುಕೊಳ್ಳುತ್ತಾನೆ, ಆಧಾರ್ ಕಾರ್ಡು ಯಾರ ಕೈಯಲ್ಲಿದೆ, ಊರಿಗೆ ಹಣ ಹೋಗುವುದು ಹೇಗೆ ಎಂಬ ಮೂರು ಪ್ರಶ್ನೆಗಳಲ್ಲಿ ಅವರ ವಿಷಯ ಬಹುಪಾಲು ಬಂದುಬಿಡುತ್ತದೆ. ಅವರನ್ನು ಲೈನಿನವರ ಜೊತೆ ಒಂದೇ ಪಟ್ಟಿಯಲ್ಲಿ ತೂಗಬೇಡಿ.

ಕಾಲವೂ ಅಷ್ಟೇ. ಡಿಸೆಂಬರಿನಿಂದ ಮಾರ್ಚಿವರೆಗಿನ ರೋಬಸ್ಟಾ ಕೊಯ್ಲಿನಲ್ಲಿ ಕೇಳಿದರೆ ಕೆಜಿ ಲೆಕ್ಕದ ಹಣ ಕೈಯಲ್ಲಿ ಆಡುತ್ತಿರುತ್ತದೆ, ಕೂಲಿಯ ದರವೇ ಎಲ್ಲರ ಬಾಯಲ್ಲಿ. ಜೂನ್ ತಿಂಗಳಲ್ಲಿ ಶಾಲೆ ಶುರು, ಮಳೆ ಶುರು, ಕೆಲಸ ಕಡಿಮೆ. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ಮನೆಯೊಳಗಿನ ಒಲೆ ನೋಡಿದರೆ ಏನು ಬೇಯುತ್ತಿದೆ ಎಂಬುದೇ ಸಮೀಕ್ಷೆ. ಕಣಿಲೆ, ಕೆಸು, ಗದ್ದೆಯ ಏಡಿ ಇವೆಲ್ಲ ನಮಗೆ ಮಳೆಗಾಲದ ರುಚಿ. ಆ ಮನೆಯಲ್ಲಿ ಅದು ಬಟವಾಡೆ ಸಣ್ಣದಾದ ವಾರದ ಊಟವೂ ಹೌದು. ಮುಂಗಡ ಏರುವುದು ಈ ತಿಂಗಳುಗಳಲ್ಲಿ. ಎರಡು ಕಾಲದಲ್ಲೂ ಕೇಳದೆ ತೀರ್ಮಾನಕ್ಕೆ ಬರಬೇಡಿ.

ಇಷ್ಟಾದರೂ ಕಾರ್ಡಿನ ಅಂಕವೇ ಅಂತಿಮವಲ್ಲ. ಅಪರೂಪಕ್ಕೆ ನಡೆಯುವ, ನಡೆದರೆ ಮನೆಯನ್ನೇ ಮುಳುಗಿಸುವ ಸಂಗತಿಗಳಿಗೆ ಜನ ಕಡಿಮೆ ಅಂಕ ಕೊಡುತ್ತಾರೆ. ಕೊಡಗಿನಲ್ಲಿ ಹುಟ್ಟಿ ಬೆಳೆದವರಿಗೆ ಆನೆ ಎಂದರೆ ಮಳೆಯ ಹಾಗೆ, ಬರುತ್ತದೆ ಹೋಗುತ್ತದೆ. ಇಲ್ಲಿ ತಜ್ಞರ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2011ರ ಮಾರ್ಗಸೂತ್ರಗಳು ತೀವ್ರತೆಯನ್ನು ಮೂರು ಕಡೆಯಿಂದ ನೋಡುತ್ತವೆ: ಪೆಟ್ಟು ಎಷ್ಟು ಆಳ, ಎಷ್ಟು ಜನಕ್ಕೆ, ಮತ್ತೆ ಸರಿಪಡಿಸಲು ಸಾಧ್ಯವೇ. ಮೂರನೆಯದನ್ನೇ ನಾನು ಹೆಚ್ಚು ನಂಬುತ್ತೇನೆ. ಕೂಲಿ ಕಡಿಮೆಯಾದರೆ ಮುಂದಿನ ವರ್ಷ ಸರಿಯಾದೀತು. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಮತ್ತೆ ಹೋಗುವುದಿಲ್ಲ. ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವನು ಬರುವುದಿಲ್ಲ. ಕೊಡಗಿನ ಪತ್ರಿಕೆಗಳಲ್ಲಿ ಮೆಣಸಿನ ಕಾಲದಲ್ಲಿ ಈ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಓದಿದರೂ ಅದೇ ಏಣಿ ಅದೇ ಮರಕ್ಕೆ ಒರಗುತ್ತದೆ.

ಈಗ ನಿಮ್ಮ ಕೈಯಲ್ಲಿ ಎರಡು ಪಟ್ಟಿ ಇರುತ್ತವೆ, ಅವರದ್ದು ಮತ್ತು ಈ ಅಳತೆಗೋಲಿನದ್ದು. ಎರಡರಲ್ಲೂ ಮೇಲಿರುವುದನ್ನು ಮೊದಲು ಹಿಡಿಯಿರಿ. ಒಂದರಲ್ಲಿ ಮಾತ್ರ ಮೇಲಿದ್ದರೆ ಕಾರಣವೇನೆಂದು ಹೋಗಿ ಕೇಳಿ. ತಜ್ಞರ ಪಟ್ಟಿಯೇ ಸರಿ ಎಂದು ಹಟ ಹಿಡಿಯಬೇಡಿ, ನನ್ನದನ್ನೂ ಸೇರಿಸಿ.

ನೀವು ಕೇಳದಿದ್ದರೂ ನನ್ನ ಅಂದಾಜನ್ನು ಹೇಳುತ್ತೇನೆ. ದಕ್ಷಿಣ ಕೊಡಗಿನ ಲೈನ್‌ಗಳಲ್ಲಿ ನೀವು ಹುಡುಕುತ್ತಿರುವುದು ನೀರೂ ಅಲ್ಲ, ಕಕ್ಕಸೂ ಅಲ್ಲ. ಮನೆ, ಕೆಲಸ, ಮುಂಗಡ ಮೂರನ್ನೂ ಒಂದಕ್ಕೊಂದು ಹಾಕಿ ಬಿಗಿದಿರುವ ಗಂಟು.

ತೋಟ ಕಾರ್ಮಿಕರ 1951ರ ಕಾಯ್ದೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದಿತು. 1981ರ ತಿದ್ದುಪಡಿಯ ನಂತರ ಅದು 5 ಹೆಕ್ಟೇರ್ ಮತ್ತು 15 ಕಾರ್ಮಿಕರಿಂದ ಮೇಲಿನ ತೋಟಗಳಿಗೆ ಅನ್ವಯಿಸುತ್ತಿತ್ತು. ಆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಸಿದ್ದಾರೆ. ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಕೆಲಸಕ್ಕೆ ಅಂಟಿಕೊಂಡ ಮನೆ ಕೆಲಸದ ಜೊತೆಗೇ ಹೋಗುತ್ತದೆ. ಮೇಲೆ ಮುಂಗಡ ಸೇರಿತೆಂದರೆ, ತೀರಿಸದೆ ತೋಟ ಬಿಡುವಂತಿಲ್ಲ, ತೋಟ ಬಿಡದೆ ಬೇರೆ ದುಡಿಮೆ ಹುಡುಕುವಂತಿಲ್ಲ. ಮುಂಗಡ ತೀರುವವರೆಗೆ ಬೇರೆಲ್ಲೂ ಹೋಗಬಾರದು ಎಂಬ ಷರತ್ತು, ಬಾಯಿಮಾತಿನದ್ದಾದರೂ ಸರಿ, 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕಣ್ಣಿನಲ್ಲಿ ಜೀತವೇ. ಕೂಲಿ ಎಷ್ಟೇ ಚೆನ್ನಾಗಿರಲಿ. ಇದನ್ನು ಓದಿ ನಿಮಗೆ ಮುಜುಗರವಾಗಬಹುದು. ಬೆಳೆಗಾರರ ಸಭೆಗಳಲ್ಲಿ ಹೇಳಿದಾಗ ಕುರ್ಚಿ ಸರಿಸಿ ಎದ್ದು ಹೋದವರೂ ಇದ್ದಾರೆ.

ಅವರ ಮಾತಿನಲ್ಲೂ ಅರ್ಥವಿಲ್ಲದೆ ಇಲ್ಲ. ಮುಂಗಡ ತೆಗೆದುಕೊಂಡು ರಾತ್ರೋರಾತ್ರಿ ಪಕ್ಕದ ತೋಟಕ್ಕೆ ಹೋದವರಿದ್ದಾರೆ, ಆ ಹಣ ಮುಳುಗಿಸಿಕೊಂಡ ಸಣ್ಣ ಬೆಳೆಗಾರರೂ ಇದ್ದಾರೆ. ಕೊಯ್ಲಿಗೆ ಜನವಿಲ್ಲದೆ ಹಣ್ಣು ಗಿಡದಲ್ಲೇ ಒಣಗುವುದನ್ನು ನೋಡಿದ ಮೇಲೆ ಮುಂಗಡ ಕೊಡದೆ ಇರುವುದೂ ಕಷ್ಟ. ಹಗ್ಗದ ಎರಡು ತುದಿಯನ್ನೂ ಎಳೆಯುವವರಿದ್ದಾರೆ ನಿಜ. ಆದರೆ ಒಂದು ತುದಿ ಕೈಯಲ್ಲಿದೆ, ಇನ್ನೊಂದು ಕುತ್ತಿಗೆಯಲ್ಲಿದೆ.

ಲೆಕ್ಕದ ಪುಸ್ತಕವನ್ನೂ ತೆರೆದು ನೋಡಿ. ಒಂದು ತೋಟದಲ್ಲಿ ಬಟವಾಡೆಯ ದಿನ ರೈಟರ್ ಮೇಜಿನ ಪಕ್ಕದಲ್ಲಿ ನಿಂತಿದ್ದೆ. ಚೆಕ್‌ರೋಲ್‌ನಲ್ಲಿ (ಹಾಜರಿ, ಕೂಲಿ ಬರೆಯುವ ಪುಸ್ತಕ) ಗಂಡಸಿನ ಹೆಸರು, ಅದರ ಪಕ್ಕದಲ್ಲಿ ಒಂದು ಕೂಡಿಸುವ ಗುರುತು ಮತ್ತು ‘1’. ಆ ಒಂದು ಎಂದರೆ ಹೆಂಡತಿ. ಅವಳು ಕೊಯ್ದ ಹಣ್ಣು ಗಂಡನ ಗೋಣಿಗೆ, ಗೋಣಿಯ ತೂಕ ಗಂಡನ ಹೆಸರಿಗೆ, ಹಣ ಗಂಡನ ಕೈಗೆ. ರಜಾದಿನ ಮಗ ಕೊಯ್ದದ್ದೂ ಅದೇ ಗೋಣಿಯೊಳಗೆ ಹೋಗಿತ್ತು, ಅವನಿಗೆ ಕೂಡಿಸುವ ಗುರುತೂ ಇರಲಿಲ್ಲ. ಕೆಜಿ ಲೆಕ್ಕ ತೂಗುವುದು ಹಣ್ಣನ್ನು, ಕೈಗಳನ್ನಲ್ಲ. ನಿಮ್ಮದರಂಥದ್ದೇ ಪಟ್ಟಿಯ ‘ಬಾಲಕಾರ್ಮಿಕರು ಇಲ್ಲ’ ಎಂಬ ಸಾಲಿಗೆ ರೈಟರ್ ಪ್ರಾಮಾಣಿಕವಾಗಿಯೇ ಸರಿ ಗುರುತು ಹಾಕಿದ್ದ. ಆ ಹೆಂಗಸು ಅಲ್ಲಿ ಹದಿನಾಲ್ಕು ವರ್ಷ ದುಡಿದಿದ್ದಳು. ಐದು ವರ್ಷ ಸತತ ದುಡಿದವರಿಗೆ 1972ರ ಕಾಯ್ದೆಯಂತೆ ಗ್ರಾಚ್ಯುಟಿ ಸಿಗಬೇಕಿತ್ತು. ಕೂಡಿಸುವ ಗುರುತಿಗೆ ಗ್ರಾಚ್ಯುಟಿ ಕೊಡುವವರು ಯಾರು?

ಕಾಗದಪತ್ರದ ವಿಷಯ ಈಚಿನ ವರ್ಷಗಳಲ್ಲಿ ಪಟ್ಟಿಯಲ್ಲಿ ಮೇಲೇರಿದೆ, ಕಾರಣ ಸರಳ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ 2023ರಿಂದ ಮನೆಯ ಯಜಮಾನಿಯ ಹೆಸರಿಗೆ ಬರುತ್ತಿದೆ, ಅದಕ್ಕೆ ಪಡಿತರ ಚೀಟಿ ಬೇಕು, ಪಡಿತರ ಚೀಟಿಗೆ ವಿಳಾಸ ಬೇಕು, ಲೈನ್ ಮನೆಯ ವಿಳಾಸಕ್ಕೆ ಮಾಲೀಕರ ಪತ್ರ ಬೇಕು. ಪತ್ರ ಕೊಟ್ಟರೆ ನಾಳೆ ಮನೆಯೇ ನಮ್ಮದು ಎಂದಾರು ಎಂಬ ಹೆದರಿಕೆಯಿಂದ ಬಹಳ ಬೆಳೆಗಾರರು ಕೊಡುವುದಿಲ್ಲ. ವಾಸದ ಪತ್ರ ಹಕ್ಕುಪತ್ರವಲ್ಲ. ನಿಮ್ಮ ಗುಂಪು ಒಬ್ಬ ವಕೀಲರನ್ನು ಒಮ್ಮೆ ಕೂರಿಸಿ ಎಲ್ಲ ಮೂವತ್ತೆರಡು ಜನರಿಗೂ ಒಂದೇ ನಮೂನೆ ಬರೆಸಿಕೊಂಡರೆ ಆ ಹೆದರಿಕೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಗಂಡನ ಕೈ ಸೇರದ ಹಣ ಆ ಮನೆಗಳಲ್ಲಿ ಬೇರೆ ಏನಿದೆ ಹೇಳಿ.

ಈ ಅಂದಾಜನ್ನು ಬೇರೆ ಕಡೆಗೆ ಹೊತ್ತುಕೊಂಡು ಹೋಗಬೇಡಿ. ಘಟ್ಟ ಇಳಿದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಿಗೆ ಹೋದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿರುವವರು 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಉದ್ಯೋಗದಾತ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮ, ಚೆಕ್‌ರೋಲ್ ಇದೆ, ಹೆಸರೂ ಇದೆ. ಅಲ್ಲಿ ಕಾಡುವುದು ಮಗುವಿನ ಜಾತಿ ಪ್ರಮಾಣಪತ್ರ ಮತ್ತು ನಿವೃತ್ತಿಯ ಮರುದಿನ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. ಮುಂಗಡದ ಕಾರ್ಡು ಅಲ್ಲಿ ತಳಕ್ಕೆ ಹೋಗುತ್ತದೆ.

ಇನ್ನು ನಿಮ್ಮ ಹಣ. ತೂಕದಲ್ಲಿ ಎಲ್ಲಕ್ಕಿಂತ ಮೇಲಿರುವ ಕೆಲಸಕ್ಕೆ ಬಹುತೇಕ ಹಣವೇ ಬೇಕಿಲ್ಲ, ನಿಮ್ಮ ಸಹಿ ಬೇಕು. ಕೆಲಸ ನಿಂತರೂ ಶಾಲೆಯ ವರ್ಷ ಮುಗಿಯುವವರೆಗೆ ಮನೆ ಬಿಡಿಸುವುದಿಲ್ಲ, ತೋಟದಲ್ಲಿ ದುಡಿದು ಮುದುಕರಾದವರನ್ನು ಕಳಿಸುವುದಿಲ್ಲ, ಮುಂಗಡ ಬಾಕಿ ಇದೆ ಎಂಬ ಕಾರಣಕ್ಕೆ ಯಾರನ್ನೂ ತಡೆಯುವುದಿಲ್ಲ ಎಂದು ಗುಂಪಿನ ಎಲ್ಲರೂ ಬರೆದುಕೊಡಿ. ಒಬ್ಬರೇ ಕೊಟ್ಟರೆ ಪಕ್ಕದ ತೋಟದವರು ನಗುತ್ತಾರೆ, ಮೂವತ್ತೆರಡು ಜನ ಕೊಟ್ಟರೆ ಅದು ನಾಡಿನ ಪದ್ಧತಿಯಾಗುತ್ತದೆ. ಮುಂಗಡಕ್ಕೆ ಎರಡು ಪುಸ್ತಕ ಮಾಡಿ, ಒಂದು ಅವರ ಬಳಿ ಇರಲಿ. ಬಟವಾಡೆಯಲ್ಲಿ ಹಿಡಿಯುವ ಮೊತ್ತಕ್ಕೆ ಮಿತಿ ಇರಲಿ. 1936ರ ವೇತನ ಪಾವತಿ ಕಾಯ್ದೆಯೇ ಸಾಮಾನ್ಯವಾಗಿ ಅರ್ಧಕ್ಕೆ ಮಿತಿ ಹಾಕಿತ್ತು. ಮಳೆಗಾಲದಲ್ಲಿ ಕಾಲು ಭಾಗ ಮೀರಬೇಡಿ ಎಂದು ನಾನು ಹೇಳುತ್ತೇನೆ. ಹೆಂಗಸರ ಹೆಸರನ್ನು ಚೆಕ್‌ರೋಲ್‌ನಲ್ಲಿ ಬೇರೆ ಸಾಲಿನಲ್ಲಿ ಬರೆಸಿ, ಅವರ ಗೋಣಿಯನ್ನು ಬೇರೆ ತೂಗಿಸಿ. ರೈಟರ್‌ಗೆ ಹತ್ತು ನಿಮಿಷ ಹೆಚ್ಚು ಕೆಲಸ, ಗೊಣಗುತ್ತಾರೆ, ಗೊಣಗಲಿ.

ಹಣ ಖರ್ಚಾಗುವುದು ಆಮೇಲೆ. ಮೊದಲು ಏಣಿ. ತಂತಿ ಹಾದುಹೋಗುವ ತೋಟಗಳಲ್ಲಿ ಅಲ್ಯೂಮಿನಿಯಂ ಏಣಿಯನ್ನು ತೆಗೆದು ಬಿದಿರಿನದೋ ಫೈಬರ್‌ನದೋ ತನ್ನಿ, ಮೆಣಸು ಕೊಯ್ಲಿಗೆ ಮುಂಚೆ ತಂತಿ ತಾಗುವ ಕೊಂಬೆಗಳನ್ನು ವಿದ್ಯುತ್ ಇಲಾಖೆಯವರಿಗೆ ಹೇಳಿ ಕಡಿಸಿ. ಆನೆಯ ಹಾವಳಿ ಇರುವ ಕಡೆ ಬೆಳಗಿನ ನಡಿಗೆಯನ್ನು ತಪ್ಪಿಸಿ: ಕತ್ತಲು ಹರಿಯುವ ಮುಂಚೆ ಯಾರೂ ನಡೆದು ಬರಬೇಕಾಗಿಲ್ಲ ಎಂದು ಕೆಲಸ ಶುರುವಾಗುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ, ನಾಲ್ಕೈದು ತೋಟ ಸೇರಿ ಒಂದು ಪಿಕಪ್ ಮಾಡಿ. ಅದೇ ಗಾಡಿ ಸಂಜೆ ಶಾಲೆಯ ಮಕ್ಕಳನ್ನು ಬಸ್ಸಿನಿಂದ ಕರೆತರಲಿ. ಆನೆ ಎಲ್ಲಿದೆ ಎಂಬ ಸುದ್ದಿ ರೈಟರ್ ಮೊಬೈಲಿನಲ್ಲಿ ಉಳಿಯದೆ ಲೈನಿಗೆ ತಲುಪುವ ವ್ಯವಸ್ಥೆಯಾಗಲಿ.

ನೀರು, ಕಕ್ಕಸನ್ನೂ ಮಾಡಿ. ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ ಕೇಳದ್ದನ್ನು ಮಾತ್ರ ಕೊಟ್ಟರೆ ನಿಮ್ಮನ್ನು ಯಾರೂ ನಂಬುವುದಿಲ್ಲ. ಆದರೆ ನೀರು ಮೊದಲು, ಕಕ್ಕಸು ನಂತರ. ನೀರಿಲ್ಲದ ಕಕ್ಕಸು ಸೌದೆ ಮನೆಯಾಗುತ್ತದೆ. ನಲ್ಲಿ ಎಲ್ಲಿ ಬರಬೇಕು ಎಂಬುದನ್ನು ನೀರು ಹೊರುವ ಹೆಂಗಸರು ಕಡ್ಡಿ ನೆಟ್ಟು ತೋರಿಸಲಿ.

ನಿಮ್ಮ ಈ ಸಲದ ಕೊಯ್ಲು ಮಾರ್ಚ್ ಕೊನೆಗೆ ಮುಗಿಯಬಹುದು. ಮೊದಲ ಸುತ್ತಿನ ಕಾರ್ಡುಗಳನ್ನು ಅದಕ್ಕೆ ಮುಂಚೆ ಮುಗಿಸಿ, ಎರಡನೆಯದನ್ನು ಜುಲೈ ಮಧ್ಯದಲ್ಲಿ ಮಾಡಿ. ಎರಡರ ಫಲಿತಾಂಶವನ್ನೂ ಒಂದು ಭಾನುವಾರ ಲೈನಿನಲ್ಲೇ, ಕಾರ್ಡುಗಳನ್ನು ಮೇಲಿಂದ ಕೆಳಗೆ ಗೋಡೆಗೆ ಅಂಟಿಸಿ ತೋರಿಸಿ. ರೈಟರ್ ಆ ದಿನ ಸಂತೆಗೆ ಹೋಗಿರಲಿ. ಯಾರಾದರೂ ಎದ್ದು ಬಂದು ಒಂದು ಕಾರ್ಡನ್ನು ಕಿತ್ತು ಮೇಲಕ್ಕೆ ಅಂಟಿಸಿದರೆ ತಡೆಯಬೇಡಿ, ಯಾಕೆ ಎಂದು ಮಾತ್ರ ಕೇಳಿ ಬರೆದುಕೊಳ್ಳಿ. ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿಡಿ, ಜುಲೈ ಮಳೆಯಲ್ಲಿ ಕಾಗದ ನಿಲ್ಲುವುದಿಲ್ಲ.